ಬೇಲೂರು ದೇವಸ್ಥಾನದ ಹತ್ತಿರದ ಮನೆಗೆ ಪರವಾನಗಿ: ಮೊದಲು ದೂರ ಅಳೆಸಿ

ಚೆನ್ನಕೇಶವ ದೇವಸ್ಥಾನದ ಬಳಿಯ ಹಂಚಿನ ಮನೆಯ ಮೇಲೆ ಮಹಡಿ ಕಟ್ಟಲು ಪುರಸಭೆ ಪರವಾನಗಿ ಕೊಡುತ್ತಿಲ್ಲ ಎಂದಿದ್ದೀರಿ. ಸಂರಕ್ಷಿತ ಸ್ಮಾರಕದ ಬಳಿ ಕಟ್ಟಲು ಬೇಕಾದ ನಿರಾಕ್ಷೇಪಣಾ ಪತ್ರ ಇಲ್ಲದಿರುವುದೇ ಬಹುಶಃ ಕಾರಣ. ಅದಿಲ್ಲದೆ ಪುರಸಭೆ ಮುಂದುವರಿಯುವಂತಿಲ್ಲ. ದೇವಸ್ಥಾನದ ಕಚೇರಿಗೆ ಅಲೆಯಬೇಡಿ: ಪೂಜೆ, ಉತ್ಸವಗಳ ಆಡಳಿತ ಮುಜರಾಯಿಯದು, ಕಟ್ಟಡದ ಸಂರಕ್ಷಣೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದು, ನಿಮ್ಮ ಅರ್ಜಿ ಇವೆರಡಕ್ಕೂ ಸೇರಿದ್ದಲ್ಲ.

ಮೊದಲು ದೂರ ಅಳೆಸಿ. ಗೋಪುರದಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ. ನಾನು ಎಡವಿದ್ದು ಇಲ್ಲೇ. ಅರ್ಜಿ ವಾಪಸು ಬಂದು ತಿಂಗಳುಗಳು ಹೋದವು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಮೊದಲ 100 ಮೀಟರ್ ನಿಷೇಧಿತ. ಅಲ್ಲಿ ದುರಸ್ತಿ, ನವೀಕರಣಕ್ಕಷ್ಟೇ ಅನುಮತಿ ಕೇಳಬಹುದು, ಹೊಸ ಮಹಡಿ ಆಗದು. ಅದರಾಚೆಯ 200 ಮೀಟರ್ ನಿಯಂತ್ರಿತ, ಅಲ್ಲಿ ಅನುಮತಿ ಪಡೆದು ಕಟ್ಟಬಹುದು.

ನಂತರ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಜಾಲತಾಣದಲ್ಲಿ ಅರ್ಜಿ ಹಾಕಿ. ಖಾತೆ, ನಕ್ಷೆ, ಈಗಿನ ಮನೆಯ ನಾಲ್ಕೂ ಕಡೆಯ ಚಿತ್ರಗಳನ್ನು ಸಿದ್ಧವಿಟ್ಟುಕೊಳ್ಳಿ. ನಕ್ಷೆಯಲ್ಲಿ ನೀರಿನ ತೊಟ್ಟಿಯೂ ಸೇರಿದಂತೆ ಒಟ್ಟು ಎತ್ತರವನ್ನು ಸ್ಪಷ್ಟವಾಗಿ ಬರೆಸಿ. ಸಕ್ಷಮ ಪ್ರಾಧಿಕಾರವು, ಅಂದರೆ ಅನುಮತಿ ಕೊಡಲು ನೇಮಕಗೊಂಡ ಅಧಿಕಾರಿ, 15 ದಿನಗಳಲ್ಲಿ ಅರ್ಜಿಯನ್ನು ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ಸ್ಮಾರಕ ಪ್ರಾಧಿಕಾರದ ಶಿಫಾರಸು ಬಂದ ಮೇಲೆ ಸಕ್ಷಮ ಪ್ರಾಧಿಕಾರ ಒಂದು ತಿಂಗಳೊಳಗೆ ತೀರ್ಮಾನ ತಿಳಿಸಬೇಕು. ಇದು ಕಾನೂನಿನ ಲೆಕ್ಕ, ವಾಸ್ತವದಲ್ಲಿ ತಡವಾಗಬಹುದು. ಎಷ್ಟು ಎತ್ತರಕ್ಕೆ ಒಪ್ಪುತ್ತಾರೆಂದು ಮೊದಲೇ ಹೇಳಲಾಗದು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ದೇವಾಲಯವಿದು, ಬಿಗಿಯಾಗಿ ನೋಡುವುದು ನ್ಯಾಯವೇ. ಒಂದೇ ಮಹಡಿ ಕೇಳಿ.

ಪತ್ರ ಕೈಸೇರಿದ ಮೇಲೆ ಅದನ್ನೂ ಅದೇ ನಕ್ಷೆಯನ್ನೂ ಪುರಸಭೆಗೆ ಕೊಡಿ. ಅಲ್ಲಿಯವರೆಗೆ ಹಂಚು ಇಳಿಸಬೇಡಿ.