ಗೊತ್ತಿದ್ದೂ ಮಾಡದವರ ಪ್ರಶ್ನೆಗಳು

ಪ್ರಶ್ನೆ: ನನಗೆ ಐವತ್ತೆರಡು ವರ್ಷ. ರಕ್ತದೊತ್ತಡವಿದೆ. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಬೇಕೆಂದು ವೈದ್ಯರು ಹೇಳಿ ಏಳು ತಿಂಗಳಾಯಿತು. ನಡಿಗೆಯ ಲಾಭಗಳನ್ನೆಲ್ಲ ಓದಿಕೊಂಡಿದ್ದೇನೆ, ಕಚೇರಿಯಲ್ಲಿ ಕಿರಿಯರಿಗೆ ಉಪದೇಶವನ್ನೂ ಮಾಡುತ್ತೇನೆ. ಆದರೆ ಅದಕ್ಕೆಂದೇ ಕೊಂಡ ಬೂಟುಗಳು ಇನ್ನೂ ಡಬ್ಬದಲ್ಲೇ ಇವೆ, ಒಳಗೆ ತುರುಕಿದ ಕಾಗದವನ್ನೂ ತೆಗೆದಿಲ್ಲ. ಗೊತ್ತಿದ್ದೂ ಮಾಡದ ನಾನು ಸೋಮಾರಿಯೋ, ಆಷಾಢಭೂತಿಯೋ?

ಉತ್ತರ: ಆಷಾಢಭೂತಿಯಂತೂ ಅಲ್ಲ. ‘ಹೇಳುವುದು ಶಾಸ್ತ್ರ, ಹಾಕುವುದು ಗಾಳ’ ಎಂಬ ಗಾದೆ ಸಲ್ಲುವುದು ತಾನು ಆಡುವ ಮಾತನ್ನು ತಾನೇ ನಂಬದವನಿಗೆ. ನೀವು ನಂಬಿದ್ದೀರಿ, ಅದಕ್ಕೇ ಆ ಡಬ್ಬ ನಿಮ್ಮ ಕಣ್ಣನ್ನು ಚುಚ್ಚುತ್ತಿದೆ.

ನಿಮ್ಮ ಪೇಚು ಬಹಳ ಹಳೆಯದು. ಯಾವುದು ಒಳ್ಳೆಯದೆಂದು ನಿಜವಾಗಿ ಬಲ್ಲವನು ಅದನ್ನು ಬಿಟ್ಟು ಬೇರೆಯದನ್ನು ಮಾಡಲಾರ, ಮಾಡಿದನೆಂದರೆ ಅವನ ಅರಿವಿನಲ್ಲೇ ಕೊರತೆಯಿದೆ ಎಂದು ಸಾಕ್ರಟೀಸ್ ವಾದಿಸಿದ್ದ. ಈ ಮಾತು ಕಣ್ಣೆದುರಿಗೆ ಕಾಣುವುದಕ್ಕೆ ಹೊಂದುವುದಿಲ್ಲವಲ್ಲ ಎಂದು ಅರಿಸ್ಟಾಟಲ್ ತಡೆದು ಯೋಚಿಸಿದ. ನಿದ್ದೆಯಲ್ಲಿರುವವನ ಅಥವಾ ಕುಡಿದವನ ವಿದ್ಯೆಯಂತೆ, ಅರಿವು ಇದ್ದೂ ಆ ಗಳಿಗೆಯಲ್ಲಿ ಕೆಲಸಕ್ಕೆ ಬಾರದೆ ಇರಬಹುದು ಎಂಬುದು ಅವನ ವಿವರಣೆ. ನನ್ನ ಒಲವು ಅರಿಸ್ಟಾಟಲ್ ಕಡೆಗೆ. ನಡಿಗೆಯ ಲಾಭ ಕೈಗೆ ಬರುವುದು ವರ್ಷಗಳ ನಂತರ, ಕುರ್ಚಿಯಿಂದ ಏಳುವ ಕಷ್ಟವಾದರೋ ಈ ಕ್ಷಣದ್ದು. ಇವೆರಡೂ ಎದುರಾದಾಗ ದೂರದ ಲಾಭ ಎಷ್ಟೇ ದೊಡ್ಡದಾಗಿದ್ದರೂ ಹತ್ತಿರದ ಕಷ್ಟವೇ ದೊಡ್ಡದಾಗಿ ಕಾಣುತ್ತದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆದು 1965ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಧನುರ್ವಾಯುವಿನ ಅಪಾಯವನ್ನೂ ಚುಚ್ಚುಮದ್ದಿನ ಅಗತ್ಯವನ್ನೂ ತಿಳಿಸುವ ಕೈಪಿಡಿಯನ್ನು ಅವರಿಗೆ ಓದಲು ಕೊಡಲಾಯಿತು. ಕೆಲವರಿಗೆ ಹೆಚ್ಚು ಭಯ ಹುಟ್ಟಿಸುವ ಕೈಪಿಡಿ, ಉಳಿದವರಿಗೆ ಸೌಮ್ಯವಾದದ್ದು. ಭಯಪಟ್ಟವರು ಚುಚ್ಚುಮದ್ದು ಬೇಕೇ ಬೇಕು ಎಂದು ಹೆಚ್ಚು ಗಟ್ಟಿಯಾಗಿ ಹೇಳಿದರು. ಆದರೆ ಓದಿ ಸುಮ್ಮನಾದವರಲ್ಲಿ ನಿಜಕ್ಕೂ ಹೋಗಿ ಹಾಕಿಸಿಕೊಂಡವರು ಶೇಕಡಾ 3ರಷ್ಟು ಮಾತ್ರ. ಇನ್ನು ಕೆಲವರಿಗೆ ಕೈಪಿಡಿಯ ಜೊತೆಗೆ ಆರೋಗ್ಯ ಕೇಂದ್ರವನ್ನು ಗುರುತಿಸಿದ ಆವರಣದ ನಕ್ಷೆಯನ್ನು ಕೊಟ್ಟು, ವಾರದ ವೇಳಾಪಟ್ಟಿಯನ್ನು ನೋಡಿ ಯಾವಾಗ ಹೋಗಬಹುದೆಂದು ಯೋಚಿಸುವಂತೆ ಹೇಳಲಾಗಿತ್ತು. ಅವರಲ್ಲಿ ಹೋದವರು ಶೇಕಡಾ 28ರಷ್ಟು. ಅವರೆಲ್ಲ ಅಂತಿಮ ವರ್ಷದವರು, ಕೇಂದ್ರ ಎಲ್ಲಿದೆಯೆಂದು ಅವರಿಗೆ ನಕ್ಷೆ ತೋರಿಸಬೇಕಾಗಿರಲಿಲ್ಲ ಎಂಬುದೇ ಇದರ ಸ್ವಾರಸ್ಯ. ಆಗಲೂ ಮುಕ್ಕಾಲು ಪಾಲು ಜನ ಹೋಗಲಿಲ್ಲ ಎಂಬುದನ್ನೂ ಮರೆಯಬಾರದು, ನಕ್ಷೆಯೇನೂ ಮಂತ್ರದಂಡವಲ್ಲ.

ಆದ್ದರಿಂದ ನಡಿಗೆಯ ಬಗ್ಗೆ ಇನ್ನೊಂದು ಲೇಖನವನ್ನು ಓದಬೇಡಿ. (ನಡಿಗೆಯ ಬಗ್ಗೆ ನಾನೇ ಬರೆದದ್ದಿದ್ದರೂ ಓದಬೇಡಿ.) ‘ನಾಳೆಯಿಂದ ನಡೆಯುತ್ತೇನೆ’ ಎಂಬ ನಿರ್ಧಾರಕ್ಕೆ ಹೊತ್ತೂ ಇಲ್ಲ, ಜಾಗವೂ ಇಲ್ಲ, ಹೀಗಾಗಿ ಯಾವ ನಾಳೆಯೂ ಅದಕ್ಕೆ ಸಿಕ್ಕುವುದಿಲ್ಲ. ಅದರ ಬದಲು, ‘ಕಚೇರಿಯಿಂದ ಬಂದು ಚೀಲವನ್ನು ಕೆಳಗಿಟ್ಟ ಕೂಡಲೇ, ಕುಳಿತುಕೊಳ್ಳುವ ಮೊದಲೇ ಬೂಟು ಹಾಕಿಕೊಳ್ಳುತ್ತೇನೆ’ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ‘ಇದಾದಾಗ ಅದನ್ನು ಮಾಡುತ್ತೇನೆ’ ಎಂಬ ಈ ಬಗೆಯ ಸಂಕಲ್ಪವನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಬರಿಯ ‘ಮಾಡಬೇಕು’ ಎಂಬುದಕ್ಕಿಂತ ಅದು ಹೆಚ್ಚು ಸಲ ಕೈಗೂಡುತ್ತದೆ. ಇವತ್ತೇ ಬೂಟುಗಳೊಳಗಿನ ಕಾಗದವನ್ನು ತೆಗೆದು, ದಾರ ಪೋಣಿಸಿ, ಬಾಗಿಲ ಬಳಿ ಇಡಿ. ಅಭ್ಯಾಸವಾಗುವುದಕ್ಕೆ ಇಪ್ಪತ್ತೊಂದು ದಿನ ಸಾಕು ಎಂಬ ಪ್ರಚಾರವನ್ನು ನಂಬಬೇಡಿ. ಲಂಡನ್ನಿನ ಸಂಶೋಧಕರ 2010ರ ಅಧ್ಯಯನದಲ್ಲಿ ಜನರಿಗೆ ಹಿಡಿದ ಕಾಲ 18ರಿಂದ 254 ದಿನಗಳವರೆಗೆ ಹರಡಿತ್ತು. ಆದರೆ ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಿರಲಿಲ್ಲ. ನನ್ನ ಮಟ್ಟಿಗೆ ಬಹಳ ಸಂಕಲ್ಪಗಳು ಸತ್ತದ್ದು ಮೊದಲ ತಪ್ಪಿದ ದಿನದಿಂದಲ್ಲ, ‘ಎಲ್ಲ ಕೆಟ್ಟುಹೋಯಿತು’ ಎಂದುಕೊಂಡ ಅದರ ಮರುದಿನದಿಂದ.

ಪ್ರಶ್ನೆ: ನಮ್ಮ ಕುಟುಂಬದ ವೈದ್ಯರು ಸಿಗರೇಟು ಸೇದುತ್ತಾರೆ. ಸಿಗರೇಟು ಬಿಡಿ ಎಂದು ಅವರು ನನಗೆ ಹೇಳಿದರೆ ನಾನೇಕೆ ಕೇಳಬೇಕು?

ಉತ್ತರ: ಹೊಗೆಯಿಂದ ಶ್ವಾಸಕೋಶಕ್ಕೆ ಆಗುವ ಕೇಡು ಹೇಳುವವರ ನಡತೆಯನ್ನು ಅವಲಂಬಿಸಿಲ್ಲವಾದ್ದರಿಂದ ಕೇಳಬೇಕು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ನಂತರ, ಮುಂದಿನ ದೀರ್ಘ ಅಧ್ಯಯನಕ್ಕೆ ಆರಿಸಿಕೊಂಡದ್ದು ಬ್ರಿಟನ್ನಿನ ವೈದ್ಯರನ್ನೇ. ಆ ವೈದ್ಯರಲ್ಲಿ ಸೇದುವವರು ಬಹಳ ಮಂದಿ ಇದ್ದರು. ನಿಮ್ಮ ವೈದ್ಯರ ಮಾತಿಗೆ ತೂಕ ಕಡಿಮೆಯಾಗಿದೆಯೆಂದು ನಿಮಗೆ ಅನ್ನಿಸುವುದು ಸಹಜ. ಆದರೆ ಒಂದು ಸಂದೇಹ: ಅವರು ಸೇದದವರಾಗಿದ್ದರೆ, ‘ಸೇದದವರಿಗೆ ಇದರ ಕಷ್ಟವೇನು ಗೊತ್ತು’ ಎಂದು ನೀವು ಬರೆಯುತ್ತಿರಲಿಲ್ಲವೇ?