ಬೇಡ ಎಂದವರು ಯಾರು?

ಮೂತ್ರಪಿಂಡ ತಜ್ಞರು ಕಳುಹಿಸಿದ ಚೀಟಿಯಲ್ಲಿ ‘ಕಸಿಗೆ ಒಪ್ಪುತ್ತಿಲ್ಲ, ಮಾತನಾಡಿಸಿ’ ಎಂದಷ್ಟೇ ಇತ್ತು. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಕಸಿ ವಿಭಾಗದಲ್ಲಿ ಆಪ್ತಸಲಹೆಗಾರ್ತಿಯಾಗಿರುವ ನನಗೆ ಇಂಥ ಚೀಟಿ ಹೊಸದಲ್ಲ. ಸಾಮಾನ್ಯವಾಗಿ ನನ್ನ ಕೋಣೆಗೆ ಬರುವ ಹೆಂಗಸರು ಕಿಡ್ನಿ ಕೊಡಲು ಬಂದವರು: ಗಂಡನಿಗೆ, ಮಗನಿಗೆ, ಅಣ್ಣನಿಗೆ. ಪಡೆಯಲು ಬರುವ ಹೆಂಗಸರು ಕಡಿಮೆ. ಪಡೆಯಲು ಒಲ್ಲೆ ಎನ್ನುವವರಲ್ಲಿ ಮಾತ್ರ ಅವರೇ ಮುಂದು.

ಬಂದವರು ಗದಗ-ಬೆಟಗೇರಿಯ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಡಯಾಲಿಸಿಸ್ ಘಟಕದಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು, ಇಲ್ಲಿಯೂ ಹಾಗೆಯೇ ಇರಲಿ. ಗಂಡನಿಗೆ ಮಗ್ಗದ ಕೆಲಸ. ಅಕ್ಕನ ಕೇಸ್ ಪೇಪರಿನಲ್ಲಿ ಉದ್ಯೋಗದ ಎದುರು ‘ಗೃಹಿಣಿ’ ಎಂದು ಬರೆದಿತ್ತು. ವಿಚಾರಿಸಿದರೆ, ಕಾಯಿಲೆ ಬೀಳುವವರೆಗೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಮನೆಯ ಅರ್ಧ ಖರ್ಚು ನಿಭಾಯಿಸಿದವರು ಇವರೇ!

“ಮೇಡಂ, ದೊಡ್ಡ ಮಗಳ ಮದುವೆ ಆಗಬೇಕು, ಮಗನ ಓದು ಇದೆ. ನನ್ನ ಒಂದು ಜೀವಕ್ಕೆ ಅಷ್ಟು ದುಡ್ಡು ಸುರಿಯುವುದು ಬೇಡ. ಡಯಾಲಿಸಿಸ್ ನಡೆದಿದೆಯಲ್ಲ, ಸಾಕು” ಎಂದರು.

ಕಸಿ ಬೇಡ ಎನ್ನುವ ಹಕ್ಕು ರೋಗಿಗೆ ಇದೆ. ಅವರನ್ನು ಒಪ್ಪಿಸುವುದು ನನ್ನ ಕೆಲಸವಲ್ಲ. ಆದರೆ ಆ ‘ಬೇಡ’ ಎಲ್ಲಿಂದ ಬಂತು ಎಂದು ನೋಡುವುದು ನನ್ನ ಕೆಲಸ. ದೀರ್ಘಕಾಲದ ಡಯಾಲಿಸಿಸ್‌ನಲ್ಲಿ ಖಿನ್ನತೆ ಸಾಮಾನ್ಯ. ಖಿನ್ನತೆಯೇ ಬೇಡ ಎನ್ನಿಸುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಆದ್ದರಿಂದ ಊಟ, ನಿದ್ರೆ, ಸಾಯುವ ಯೋಚನೆ, ಎಲ್ಲವನ್ನೂ ಬಿಚ್ಚಿ ಕೇಳಿದೆ. ಅಕ್ಕನಿಗೆ ದಣಿವಿತ್ತು, ಬೇಸರವಿತ್ತು. ಬದುಕಿನ ಆಸೆ ಹೋಗಿರಲಿಲ್ಲ. ಹಾಗಾದರೆ ಕಸಿ ಬೇಡ ಎಂದು ಮನೆಯಲ್ಲಿ ಮೊದಲು ಹೇಳಿದವರು ಯಾರು ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. ಬೇಡ ಎಂದು ಯಾರೂ ಹೇಳಿರಲಿಲ್ಲ. ಮಾಡಿಸೋಣ ಎಂದೂ ಯಾರೂ ಹೇಳಿರಲಿಲ್ಲ. ಆ ಮೌನಕ್ಕೆ ಅಕ್ಕ ತಾವೇ ಅರ್ಥ ಕಟ್ಟಿಕೊಂಡಿದ್ದರು.

ಗಂಡ ಕೆಟ್ಟವರಲ್ಲ. ವಾರಕ್ಕೆರಡು ದಿನ ಹೆಂಡತಿಯನ್ನು ಡಯಾಲಿಸಿಸ್‌ಗೆ ಬಿಟ್ಟು, ನಾಲ್ಕು ತಾಸು ಮಗ್ಗದ ಮುಂದೆ ಕುಳಿತು, ಮುಗಿದ ಮೇಲೆ ಬಂದು ಕರೆದೊಯ್ಯುತ್ತಿದ್ದರು. ನಡುವಿನ ನಾಲ್ಕು ತಾಸು ಏನಾಗುತ್ತದೆಂದು ಅವರಿಗೆ ತಿಳಿದೇ ಇರಲಿಲ್ಲ. ನಾನು ಕೊಟ್ಟ ಮೊದಲ ಸಲಹೆ ಅವರಿಗೇ: ಒಂದು ಪಾಳಿ ಪೂರ್ತಿ ಯಂತ್ರದ ಪಕ್ಕದಲ್ಲಿ ಕುಳಿತುಕೊಳ್ಳಿ. ಕುಳಿತರು. ರಕ್ತದೊತ್ತಡ ಕುಸಿದು ಅಕ್ಕನ ಕಣ್ಣು ಕತ್ತಲಿಟ್ಟದ್ದನ್ನೂ ಮೀನಖಂಡ ಹಿಡಿದುಕೊಂಡು ನರಳಿದ್ದನ್ನೂ ನೋಡಿದರು. ಕಸಿಯ ಮಾತನ್ನು ಮನೆಯಲ್ಲಿ ಮೊದಲು ಎತ್ತಿದವರು ಅವರೇ. ಅಕ್ಕನಿಗೆ ನಾನು ಹೇಳಿದ್ದು ಇಷ್ಟು: “ಪರೀಕ್ಷೆ ಮಾಡಿಸಿಕೊಳ್ಳಿ, ಹೆಸರು ಬರೆಸಿ. ಹೆಸರು ಬರೆಸಿದ ಮಾತ್ರಕ್ಕೆ ಕಟ್ಟುಬಿದ್ದಂತಲ್ಲ. ಬೇಡ ಎನ್ನುವುದಾದರೆ ಎಲ್ಲ ತಿಳಿದುಕೊಂಡು ಹೇಳಿ.”

ಬದುಕಿರುವಾಗಲೇ ಕಿಡ್ನಿ ಕೊಡಲು ಹತ್ತಿರದ ಬಂಧುಗಳೆಂದು ಕಾನೂನು ಒಪ್ಪುವುದು ಗಂಡ ಅಥವಾ ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರನ್ನು. 2011ರ ತಿದ್ದುಪಡಿಯ ನಂತರ ಅಜ್ಜ ಅಜ್ಜಿ ಮೊಮ್ಮಕ್ಕಳನ್ನೂ. ಅಕ್ಕನ ರಕ್ತದ ಗುಂಪು ಓ. ಓ ಗುಂಪಿನವರು ಯಾರಿಗಾದರೂ ಕೊಡಬಹುದು, ಪಡೆಯುವುದು ಮಾತ್ರ ಓ ಗುಂಪಿನವರಿಂದಲೇ. ಗಂಡನದು ಬಿ. ಇಂಥದೇ ತೊಂದರೆಯಿರುವ ಇನ್ನೊಂದು ಜೋಡಿ ಸಿಕ್ಕರೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳುವ ಸ್ವಾಪ್ ಕಸಿಗೆ ಕಾನೂನಿನಲ್ಲಿ ಅವಕಾಶವಿದೆ. ಹೊಂದುವ ಜೋಡಿ ಸಿಗಲಿಲ್ಲ. ತಾಯಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆಯೂ ಇದೆ. ಮಕ್ಕಳ ಹೆಸರೆತ್ತಲು ಅಕ್ಕ ಬಿಡಲಿಲ್ಲ. ಉಳಿದವನು ತಮ್ಮ. ಅವನದು ಓ ಗುಂಪು. ಅಲ್ಲಿಂದ ಇಡೀ ತವರಿನ ಕಣ್ಣು ಅವನ ಮೇಲೆ.

ದಾನಿಯಾಗಲು ಬಂದವರೊಂದಿಗೆ ನಾವು ಒಬ್ಬೊಬ್ಬರನ್ನೇ ಕೂರಿಸಿ ಮಾತನಾಡುತ್ತೇವೆ. ರೋಗಿಯೂ ಇರಬಾರದು, ತಾಯಿಯೂ ಇರಬಾರದು. ಒಪ್ಪಿಗೆಯನ್ನು ಯಾವ ಹಂತದಲ್ಲಾದರೂ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿಯೂ, ಹಿಂತೆಗೆದುಕೊಳ್ಳಬಹುದು ಎಂದು ತಿಳಿಸುತ್ತೇವೆ. ಹಾಗಾದಾಗ ಮನೆಯವರಿಗೆ ಹೋಗುವ ಉತ್ತರ ಒಂದೇ: ‘ಈ ದಾನಿ ಸೂಕ್ತವಲ್ಲ.’ ಅಕ್ಕನ ತಮ್ಮನ ಕಡತದಲ್ಲಿಯೂ ಅದೇ ಸಾಲಿದೆ. ಅದರ ಹಿಂದೆ ಪರೀಕ್ಷೆಯ ವರದಿ ಇರಬಹುದು, ಮನಸ್ಸಿನ ಅಳುಕು ಇರಬಹುದು. ಮನೆಯವರಿಗೆ ಹೇಳದ್ದನ್ನು ಇಲ್ಲಿಯೂ ಬರೆಯುವುದಿಲ್ಲ. ತಾಯಿ ಮಾತ್ರ ಬಂದಾಗಲೆಲ್ಲ ಕೇಳಿದರು, “ನನ್ನ ಮಗ ಒಲ್ಲೆ ಎಂದನೇ?” ನಾನು ಆ ಸಾಲನ್ನೇ ಓದಿ ಹೇಳಿದೆ. ಬೈದರು, ಬೈಸಿಕೊಂಡೆ. ಒಲ್ಲೆ ಎನ್ನಲು ಜಾಗವಿಲ್ಲದ ಕಡೆ ಕೊಡುತ್ತೇನೆ ಎಂಬ ಮಾತನ್ನು ನಾನು ನಂಬುವುದಿಲ್ಲ.

ಆ ವರ್ಷ ಪಂಚಮಿಗೆ ಕರೆಯಲು ತಮ್ಮ ಬರಲಿಲ್ಲ. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಗಳನ್ನು ತವರಿಗೆ ಕರೆಯಲು ಬಾರದಿರುವುದೆಂದರೆ ಏನೆಂದು ಓದುವವರಿಗೆ ಹೇಳಬೇಕಿಲ್ಲ. ಡಯಾಲಿಸಿಸ್‌ನಲ್ಲಿಯೂ ಅಳದ ಅಕ್ಕ ಅಂದು ಅತ್ತರು. “ಕಿಡ್ನಿ ಹಾಳಾಗಲಿ ಮೇಡಂ, ತಮ್ಮನೇ ಹೋದನಲ್ಲ!” ತಮ್ಮನಿಗೆ ಮುಖ ತೋರಿಸಲು ನಾಚಿಕೆಯಾಗಿರಬಹುದು ಎಂಬುದು ಅವರಿಗೆ ಹೊಳೆದಿರಲಿಲ್ಲ. ನೀವೇ ಫೋನ್ ಮಾಡಿ, ಕರೆಯಲು ಬಾ ಎನ್ನಿ, ಕಿಡ್ನಿಯ ಸುದ್ದಿ ತೆಗೆಯಬೇಡಿ ಎಂದೆ. ಇನ್ನೊಂದು ಎಚ್ಚರಿಕೆಯನ್ನೂ ಕೊಡಬೇಕಾಯಿತು: ಶೇಂಗಾ ಉಂಡೆ ನಾಲಿಗೆಗೆ ತಾಗಿಸುವಷ್ಟು ಮಾತ್ರ, ಎಳನೀರು ಬೇಡವೇ ಬೇಡ. ಡಯಾಲಿಸಿಸ್‌ನಲ್ಲಿರುವವರ ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯ ನಿಲ್ಲಬಹುದು. ತವರಿನವರು ಪ್ರೀತಿಯಿಂದ ಕೊಡುವುದು ಎಳನೀರನ್ನೇ. ತಮ್ಮ ಮರುದಿನವೇ ಬಂದನಂತೆ. ಇಬ್ಬರೂ ದಾರಿಯುದ್ದಕ್ಕೂ ಮಳೆ ಬೆಳೆ ಮಾತನಾಡಿದರಂತೆ. ಸಾಕಲ್ಲ.

ಉಳಿದದ್ದು ಮರಣಾನಂತರ ದಾನವಾಗುವ ಅಂಗಕ್ಕಾಗಿ ಕಾಯುವ ದಾರಿ. ನಮ್ಮ ರಾಜ್ಯದಲ್ಲಿ ಆ ಪಟ್ಟಿಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ. ಹೆಸರು ನೋಂದಾಯಿಸುವುದು ಆಸ್ಪತ್ರೆಯ ಮೂಲಕ. ಓ ಗುಂಪಿನವರಿಗೆ ಸಾಲು ಉದ್ದ. ಕಾಯುವುದಕ್ಕೆ ತಾರೀಖಿಲ್ಲದಿರುವುದೇ ಹಿಂಸೆ. ಅಕ್ಕ ಸ್ನಾನಕ್ಕೂ ಮೊಬೈಲ್ ಒಯ್ಯತೊಡಗಿದರು. ಮಗಳಿಗೆ ಬಂದ ಸಂಬಂಧವನ್ನು ‘ಕಸಿ ಆಗಲಿ’ ಎಂದು ಮುಂದೆ ಹಾಕಿದರು. ಇದನ್ನು ಮಾತ್ರ ನಾನು ಖಂಡಿತವಾಗಿ ವಿರೋಧಿಸಿದೆ. ಮನೆಯವರ ನಾಲ್ಕು ನಂಬರುಗಳನ್ನು ಕೊಡಿ, ಕಡತ ಮತ್ತು ಬಟ್ಟೆಯ ಚೀಲ ಬಾಗಿಲ ಬಳಿ ಇರಲಿ, ರಾತ್ರಿ ಕರೆದರೂ ಹೊರಡುವ ಒಂದು ಗಾಡಿ ಗೊತ್ತುಮಾಡಿ. ಇಷ್ಟಾದ ಮೇಲೆ ಕಾಯುವ ಕೆಲಸ ಮುಗಿಯಿತು. ಮಗಳ ಮದುವೆಯ ಮಾತುಕತೆ ನಡೆಯಲಿ.

ಅವರನ್ನು ಒಳಗೇ ಕೊರೆಯುತ್ತಿದ್ದುದು ಬೇರೆ. ಪತ್ರಿಕೆಯಲ್ಲಿ ಹೆದ್ದಾರಿ ಅಪಘಾತದ ಸುದ್ದಿ ಕಂಡಾಗ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತಿತ್ತು. “ಯಾರದೋ ಸಾವನ್ನು ಹಾರೈಸಿ ಕುಳಿತೆನಲ್ಲ” ಎಂದು ತಮ್ಮನ್ನೇ ಹಳಿದುಕೊಂಡರು. ಇದನ್ನು ಕಾಯುವವರಲ್ಲಿ ಹೆಚ್ಚಿನವರು ಅನುಭವಿಸುತ್ತಾರೆ, ಹೇಳುವವರು ಕಡಿಮೆ. ಸಮಾಧಾನದ ಮಾತಿಗಿಂತ ನಡೆಯುವ ಕ್ರಮವನ್ನು ವಿವರಿಸಿದರೆ ಹೆಚ್ಚು ಉಪಯೋಗ. ಮಿದುಳು ಸತ್ತಿದೆ ಎಂದು ನಾಲ್ವರು ವೈದ್ಯರು, ಕನಿಷ್ಠ ಆರು ತಾಸಿನ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ. ಆಮೇಲೆ ಮನೆಯವರು ಒಪ್ಪಬೇಕು. ನೀವು ಬೆಟಗೇರಿಯಲ್ಲಿ ಏನು ಹಾರೈಸಿದರೂ ಆ ಸಾವು ಅದರಿಂದ ಬರುವುದಿಲ್ಲ. ನಿಮಗೆ ಸಂಬಂಧಪಟ್ಟದ್ದು ಸಾವಿನ ನಂತರ ಆ ಮನೆಯವರು ಮಾಡುವ ತೀರ್ಮಾನ ಮಾತ್ರ.

ಮೊದಲ ಕರೆ ನಡುರಾತ್ರಿ ಬಂತು. ಹುಬ್ಬಳ್ಳಿಗೆ ಬಂದು ರಕ್ತ ಕೊಟ್ಟು, ನೀರೂ ಕುಡಿಯದೆ ಬೆಳಗಿನವರೆಗೆ ಕುಳಿತರು. ಕ್ರಾಸ್‌ಮ್ಯಾಚ್, ಅಂದರೆ ರೋಗಿಯ ರಕ್ತ ದಾನಿಯ ಜೀವಕೋಶಗಳನ್ನು ಎದುರಿಸುತ್ತದೆಯೇ ಎಂದು ನೋಡುವ ಪರೀಕ್ಷೆ, ಹೊಂದಲಿಲ್ಲ. ಬಸುರಿಯಾದಾಗ ಹೆಂಗಸಿನ ರಕ್ತದಲ್ಲಿ ಮಗುವಿನ ತಂದೆಯ ಕಡೆಯ ಗುರುತುಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿಕೊಳ್ಳಬಹುದು. ವರ್ಷಗಳ ನಂತರ ದಾನಿಯ ಅಂಗವನ್ನು ತಿರಸ್ಕರಿಸುವುದೂ ಅವೇ. ಅಕ್ಕನಿಗೆ ಮೂರು ಹೆರಿಗೆಯಾಗಿವೆ. “ಮಕ್ಕಳನ್ನು ಹೆತ್ತದ್ದಕ್ಕೂ ದಂಡವೇ ಮೇಡಂ?” ಎಂದು ನಕ್ಕರು. ಆ ನಗೆ ನನಗೆ ಹಿಡಿಸಲಿಲ್ಲ. ಬರಿಗೈಯಲ್ಲಿ ಮರಳಿದವರಿಗೆ ಎರಡು ಮೂರು ದಿನಗಳ ನಂತರ ಕುಸಿತ ಹೆಚ್ಚು. ಅದಕ್ಕೇ ಮೂರನೆಯ ದಿನ ಫೋನ್ ಮಾಡಿದೆ. ರಾತ್ರಿ ಮನಸ್ಸು ಕೆಟ್ಟರೆ 14416ಕ್ಕೆ, ಅಂದರೆ ಟೆಲಿ ಮಾನಸ್ ಸಹಾಯವಾಣಿಗೆ, ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ ಎಂದು ಮಗಳಿಗೂ ಹೇಳಿದೆ.

ಇನ್ನೊಮ್ಮೆ ಕರೆ ಬಂದಾಗ ಎಲ್ಲವೂ ಕೂಡಿಬಂತು. ಶಸ್ತ್ರಚಿಕಿತ್ಸೆಯ ಬಗ್ಗೆ ಬರೆಯುವುದು ನನ್ನ ಕ್ಷೇತ್ರವಲ್ಲ. ಹೊಸ ಕಿಡ್ನಿಯನ್ನು ಕಿಬ್ಬೊಟ್ಟೆಯಲ್ಲಿ ಕೂರಿಸುತ್ತಾರೆ, ಹಳೆಯವು ಸಾಮಾನ್ಯವಾಗಿ ಇದ್ದಲ್ಲಿಯೇ ಇರುತ್ತವೆ. ಯಾರ ಅಂಗವೆಂದು ಪಡೆದವರಿಗೆ ತಿಳಿಸುವುದಿಲ್ಲ. ನೋಡಲು ಬಂದ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, “ಯಾವ ಜಾತಿಯವರದು?” ಎಂದು ಕೇಳಿದರು. ಓ ಪಾಸಿಟಿವ್ ಎಂದೆ.

ಊರೆಲ್ಲ ‘ಗೆದ್ದು ಬಂದಳು’ ಎನ್ನುತ್ತಿರುವಾಗ ಅಕ್ಕ ಗೋಡೆಯ ಕಡೆ ಮುಖಮಾಡಿ ಮಲಗಿದರು. ಮನೆಯವರು ಗಾಬರಿಯಾದರು. ಸ್ಟೀರಾಯ್ಡ್ ಮಾತ್ರೆಯಿಂದ ನಿದ್ರೆ ಕೆಡುತ್ತದೆ, ಸಿಟ್ಟು ಅಳು ಒಟ್ಟಿಗೇ ಬರುತ್ತವೆ, ಮುಖ ಊದಿಕೊಳ್ಳುತ್ತದೆ. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆಯಿಂದ ಕೈ ನಡುಗುತ್ತದೆ. ಕನ್ನಡಿಯಲ್ಲಿ ಕಾಣುವುದು ಅಪರಿಚಿತ ಮುಖ, ರೊಟ್ಟಿ ಬಡಿಯುವ ಕೈ ಲೋಟ ಹಿಡಿದರೂ ಅಲುಗುತ್ತದೆ. ಇದು ಕೃತಘ್ನತೆಯಲ್ಲ, ಔಷಧದ ಪರಿಣಾಮವೂ ಹೌದು, ಡೋಸ್ ಇಳಿದಂತೆ ಬಹುಮಟ್ಟಿಗೆ ತಗ್ಗುತ್ತದೆ ಎಂದು ಗಂಡನಿಗೂ ಮಗಳಿಗೂ ಅಕ್ಕನ ಎದುರಿನಲ್ಲಿಯೇ ತಿಳಿಸಿದೆ. ನೋಡಲು ಬರುವವರ ಸಾಲನ್ನು ತಡೆಯಲು ಮನೆಯವರಿಗೆ ಸಂಕೋಚ. ಮೊದಲ ತಿಂಗಳುಗಳಲ್ಲಿ ಸೋಂಕಿನ ಭಯ ಹೆಚ್ಚು. ನನ್ನ ಹೆಸರು ಹೇಳಿ ಬಾಗಿಲು ಹಾಕಿ ಎಂದೆ. ಬೆಟಗೇರಿಯ ಆ ಓಣಿಯಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಇರಲಿಕ್ಕಿಲ್ಲ.

ರೊಟ್ಟಿಯ ಗಿರಾಕಿಗಳು ಕೈತಪ್ಪದಂತೆ ನೋಡಿಕೊಂಡವಳು ತಮ್ಮನ ಹೆಂಡತಿ. ಯಾರೂ ಕರೆಯದೆ ಬಂದು, ಮಗಳನ್ನು ಜೊತೆಗಿಟ್ಟುಕೊಂಡು ಒಲೆಯ ಮುಂದೆ ಕುಳಿತಳಂತೆ. ಇದು ನನ್ನ ಸಲಹೆಯಲ್ಲ.

ಕೆಲವು ತಿಂಗಳ ನಂತರ ಅಕ್ಕನ ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣ ಇಳಿದಿತ್ತು, ಕಿಡ್ನಿ ಸರಿಯಾಗಿ ಸೋಸದಿದ್ದರೆ ಹೆಚ್ಚುವ ಕ್ರಿಯಾಟಿನಿನ್ ಏರಿತ್ತು. ವೈದ್ಯರು ಕೇಳಿದಾಗ ಮಾತ್ರೆ ತಪ್ಪಿಸಿಲ್ಲ ಎಂದರು. ನನ್ನ ಮುಂದೆ ಬಾಯಿ ಬಿಟ್ಟರು: ಸಂಜೆಯ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ಮಗನ ಕಾಲೇಜಿನ ಫೀಸು ಕಟ್ಟುವ ತಿಂಗಳು ಅದು. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ಸರ್ಕಾರದ ನೆರವಿದೆ, ಇವರಿಗೂ ಸಿಕ್ಕಿತ್ತು. ಆದರೆ ಮಾತ್ರೆ ಜೀವನಪೂರ್ತಿಯದು. ಹಳೆಯ ‘ಬೇಡ’ ಈಗ ಮಾತ್ರೆಯ ಡಬ್ಬಿಗೆ ಬಂದು ಕುಳಿತಿತ್ತು.

ನಾನು ಗದರಿಸಲಿಲ್ಲ. ಗದರಿಸಿದರೆ ಮುಂದಿನ ಸಲ ನನಗೂ ಸುಳ್ಳು ಹೇಳುತ್ತಾರೆ. ಅಂಗ ತಿರಸ್ಕಾರ ಹೆಚ್ಚಾಗಿ ನೋವು ಕೊಡದೆ ಶುರುವಾಗುತ್ತದೆ, ಗೊತ್ತಾಗುವ ಹೊತ್ತಿಗೆ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು ಎಂದೆ. ಉಳಿಸಿದ ಮಾತ್ರೆಯ ಬೆಲೆಯನ್ನೂ, ಅದರಿಂದಾಗಿ ಆಸ್ಪತ್ರೆಗೆ ಸೇರಿ ಇಂಜೆಕ್ಷನ್ ತೆಗೆದುಕೊಳ್ಳುವ ಖರ್ಚನ್ನೂ ಅಕ್ಕನ ಕೈಯಿಂದಲೇ ಬರೆಸಿದೆ. ರೊಟ್ಟಿಯ ಲೆಕ್ಕದಲ್ಲಿ ಪಳಗಿದವರು, ಕಾಗದ ನೋಡಿ ಸುಮ್ಮನಾದರು. ಬಯಾಪ್ಸಿಯಾಯಿತು, ತಿರಸ್ಕಾರ ಸೌಮ್ಯ ಹಂತದಲ್ಲಿತ್ತು, ಚಿಕಿತ್ಸೆಗೆ ಕ್ರಿಯಾಟಿನಿನ್ ಇಳಿಯಿತು.

ಆಮೇಲೆ ಇಡೀ ಮನೆಯನ್ನು ಕೂರಿಸಿದೆ, ಮಗನನ್ನೂ. ತಾಯಿ ಮಾತ್ರೆ ಬಿಟ್ಟು ತನ್ನ ಫೀಸು ಕಟ್ಟಿದ್ದಾಳೆಂದು ಅವನಿಗೆ ತಿಳಿದಿರಲಿಲ್ಲ. ಹುಡುಗನ ಮೇಲೆ ತಪ್ಪಿನ ಭಾರ ಹೊರಿಸಿದಂತಾಗಬಾರದೆಂದು ಅಕ್ಕನ ಅನುಮತಿ ಪಡೆದು, ಬಹಳ ಎಚ್ಚರದಿಂದ ಹೇಳಿದ್ದು. ತೀರ್ಮಾನಗಳು ಅವರವೇ: ತಿಂಗಳ ದುಡ್ಡು ಬಂದ ಕೂಡಲೇ ಮೊದಲು ಮಾತ್ರೆ, ಆಮೇಲೆ ಉಳಿದದ್ದು. ಬೆಳಿಗ್ಗೆ ಎಂಟು, ರಾತ್ರಿ ಎಂಟಕ್ಕೆ ಮಗನ ಮೊಬೈಲಿನಲ್ಲಿಯೂ ಅಲಾರಂ. ಡಬ್ಬಿ ಮಾತ್ರ ಅಕ್ಕನ ಬಳಿಯೇ ಇರಬೇಕು ಎಂದು ನಾನು ಹಟ ಹಿಡಿದೆ. ಇನ್ನೊಬ್ಬರು ಕೊಟ್ಟರೆ ನುಂಗುವ ರೋಗಿಯಾಗಿ ಅವರು ಉಳಿಯಬಾರದು. ರಕ್ತದಲ್ಲಿ ಔಷಧದ ಮಟ್ಟ ನೋಡುವ ದಿನ ಮಾತ್ರ ಬೆಳಗಿನ ಮಾತ್ರೆ ರಕ್ತ ಕೊಟ್ಟ ನಂತರ. ಚಕ್ಕೋತ ಹಣ್ಣು ಬೇಡ, ಅದು ಟ್ಯಾಕ್ರೋಲಿಮಸ್ ಮಟ್ಟವನ್ನು ಏರುಪೇರು ಮಾಡಬಹುದು. ವೈದ್ಯರನ್ನು ಕೇಳದೆ ಅಂಗಡಿಯ ನೋವಿನ ಮಾತ್ರೆಯಾಗಲಿ ನಾಟಿ ಔಷಧವಾಗಲಿ ಬೇಡ.

ಕಾಯುವ ಪಟ್ಟಿಯಲ್ಲಿರುವ ಮನೆಗಳಿಗೆ ಈ ಪ್ರಕರಣದಿಂದ ಒಂದನ್ನು ಹೇಳಬಹುದಾದರೆ, ಮಾತ್ರೆಯ ಖರ್ಚಿನ ಮಾತುಕತೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮುಗಿಸಿ. ಯೋಜನೆಯಿಂದ ಏನು ಸಿಗುತ್ತದೆ, ಎಲ್ಲಿಯವರೆಗೆ ಸಿಗುತ್ತದೆ ಎಂದು ಕಸಿ ಸಂಯೋಜಕರಿಂದ ಬರೆಸಿಕೊಳ್ಳಿ. ರೋಗಿ ಹೆಂಗಸಾಗಿದ್ದರೆ ಆ ಮಾತುಕತೆಯಲ್ಲಿ ಅವರು ಕುಳಿತಿರಲಿ, ಚಹಾ ಮಾಡಲು ಎದ್ದು ಹೋಗದಿರಲಿ.

ಅಕ್ಕನ ಭೇಟಿಗಳು ಈಗ ವಿರಳ. ಮಗನ ಫೀಸಿಗೆ ಸಾಲ ತೆಗೆದಿದ್ದಾರೆ, ತೀರಿಲ್ಲ. ರೊಟ್ಟಿಯ ಕೆಲಸ ಮತ್ತೆ ಶುರುವಾಗಿದೆ, ಸೌದೆ ಒಲೆ ಬಿಟ್ಟು ಗ್ಯಾಸಿನ ಮೇಲೆ. ಹೊಗೆಯ ರುಚಿ ಇಲ್ಲವೆಂದು ಒಬ್ಬ ಗಿರಾಕಿ ತಕರಾರು ತೆಗೆದಿದ್ದಾನಂತೆ. ಮುಂದಿನ ಸಲ ಗಂಡನನ್ನೂ ಒಳಗೆ ಕರೆತರಲು ಹೇಳಿದ್ದೇನೆ. ಇಷ್ಟು ಓಡಾಟದಲ್ಲಿ ಆ ಮನುಷ್ಯ ತನ್ನ ರಕ್ತದೊತ್ತಡವನ್ನು ಒಮ್ಮೆಯೂ ನೋಡಿಸಿಕೊಂಡಿಲ್ಲ.