ಫೋಟೋಗೆ ಅಂತ ಉಟ್ಟ ಸೀರೆ

ಪ್ರಶ್ನೆ: ಕರಾವಳಿಯ ಸಾಂಪ್ರದಾಯಿಕ ಉಡುಗೆಯ ಮೇಲೆ ಒಂದು ಫೋಟೋ ಸರಣಿ ಮಾಡಬೇಕೆಂದಿದ್ದೇನೆ. 50 ಎಂಎಂ ಲೆನ್ಸ್ ಇದೆ. ಆದರೆ ‘ಫೋಟೋ ತೆಗೀಲಾ?’ ಅಂದ ಕೂಡಲೇ ಎಲ್ಲರೂ ಒಳಗೆ ಹೋಗಿ ಮದುವೆ ಮನೆಯ ರೇಷ್ಮೆ ಸೀರೆ ಉಟ್ಟು ಬರುತ್ತಾರೆ. ಹಳೆಯ ಉಡುಗೆಯನ್ನು ಗೆಳತಿಯರಿಗೇ ಉಡಿಸಿ ತೆಗೆದರೆ ಆಗದೇ? ಇನ್ನೊಂದು, ಕೆಂಪು ಸೀರೆಯ ನೇಯ್ಗೆ ನನ್ನ ಫೋಟೋಗಳಲ್ಲಿ ಕಾಣುವುದೇ ಇಲ್ಲ.
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ರೇಷ್ಮೆ ಉಟ್ಟು ಬಂದವರಿಗೆ ಬದಲಿಸಿ ಬನ್ನಿ ಅನ್ನಬೇಡಿ. ಚಂದ ಕಾಣಬೇಕೆಂಬ ಆಸೆ ಯಾರಿಗಿಲ್ಲ? ಮೊದಲು ಅದನ್ನೇ ತೆಗೆಯಿರಿ, ಪ್ರಿಂಟ್ ಹಾಕಿಸಿ ಕೊಡಿ. ಆಮೇಲೆ ಕೆಲಸದ ಹೊತ್ತಿಗೆ ಹೋಗಿ. ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಅಕ್ಕಂದಿರನ್ನು ನೋಡಿ. ನೆರಿಗೆ ಮೇಲೆತ್ತಿ ಸಿಕ್ಕಿಸಿರುತ್ತಾರೆ, ಸೆರಗು ಬಿಗಿಯಾಗಿ ಸೊಂಟ ಸುತ್ತಿರುತ್ತದೆ, ತಲೆ ಮೇಲೆ ಬಟ್ಟೆಯ ಸಿಂಬೆ. ಅದೇ ಸೀರೆ ಗೆಳತಿಗೆ ಉಡಿಸಿದರೆ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾಳೆ. ಫೋಟೋದಲ್ಲಿ ಮೊದಲು ಕಾಣುವುದೂ ಅದೇ. (ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಹೋಗಿ ಪ್ರಯೋಜನವಿಲ್ಲ.)

ವೇಷ ಹಾಕಿಸುವುದು ಕೆಲವು ಕಡೆ ಅವಮಾನವೂ ಆಗುತ್ತದೆ. ಕರಾವಳಿಯ ಬುಡಕಟ್ಟು ಸಮುದಾಯದ ಕೊರಗರು ಹಿಂದೆ ಸೊಪ್ಪು ಉಡುತ್ತಿದ್ದರು, ಹಾಗೇ ತೆಗೆಯೋಣ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಅವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಿ ನಮ್ಮ ಸರ್ಕಾರ 2000ರಲ್ಲೇ ಕಾನೂನು ತಂದಿದೆ. ಮೈಗೆ ಕಪ್ಪು ಬಳಿದು ‘ಕೊರಗ ವೇಷ’ ಹಾಕುವುದನ್ನು ಆ ಸಮುದಾಯ ಈಗಲೂ ವಿರೋಧಿಸುತ್ತಿದೆ.

ಫೋಟೋದ ಕೆಳಗೆ ಬರೀ ‘ಮೊಗವೀರ (ಮೀನುಗಾರ ಸಮುದಾಯದ) ಮಹಿಳೆ’ ಎಂದು ಬರೆಯಬೇಡಿ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ಎಂಟು ಸಂಪುಟಗಳಲ್ಲಿ ಭಾರತದ ಜನರ ಫೋಟೋ ಅಚ್ಚು ಹಾಕಿಸಿತು. ಅದರಲ್ಲಿ ಹೆಚ್ಚಿನವರಿಗೆ ಜಾತಿ, ಬುಡಕಟ್ಟೇ ಹೆಸರು. ನೀವು ಹೆಸರು ಕೇಳಿ. ಹಾಕಬಹುದಾ ಎಂದೂ ಕೇಳಿ. ಫೋಟೋ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ತೆಗೆಯುವ ಮೊದಲೇ ಹೇಳಿಬಿಡಿ.

ಇನ್ನು ಕೆಂಪು. ಕಡು ಕೆಂಪು ಬಟ್ಟೆಯಲ್ಲಿ ಸೆನ್ಸರ್‌ನ ಕೆಂಪು ಚಾನೆಲ್ ಬೇಗ ತುಂಬಿಹೋಗುತ್ತದೆ. ಒಟ್ಟು ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿ ಅನ್ನಿಸಿದರೂ ನೂಲಿನ ಗೆರೆ ಮಾಯ. ಮೂರೂ ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ಹಾಕಿಕೊಳ್ಳಿ, ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಇಳಿಸಿ, ರಾ ಫೈಲ್‌ನಲ್ಲೇ (ಸೆನ್ಸರ್‌ನ ಮಾಹಿತಿಯನ್ನು ಹಾಗೇ ಉಳಿಸುವ ಫೈಲ್) ತೆಗೆಯಿರಿ. ಉಡುಪಿ ಸೀರೆಗೆ 2016ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆಯಲ್ಲ, ಆ ಕೈಮಗ್ಗದ ಹತ್ತಿಯ ಚೌಕುಳಿ, ಗಂಜಿಯ ಗರಿಗರಿ ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು. ಎದುರಿನ ಫ್ಲ್ಯಾಷ್ ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಮನೆಯ ಜಗಲಿಯೇ ಸಾಕು. ಆದರೆ ಕೆಂಪು ಕಾವಿ ನೆಲವಿದ್ದರೆ ಆ ಬಣ್ಣ ಗಲ್ಲದ ಕೆಳಗೆ, ಬಿಳಿ ಮುಂಡಿನ ಅಂಚಿಗೆಲ್ಲ ಹೊಡೆಯುತ್ತದೆ. ಕಾಲ ಬಳಿ ಒಂದು ಬಿಳಿ ಪಂಚೆ ಹಾಸಿ, ಅದನ್ನು ಬಿಟ್ಟು ಫ್ರೇಮ್ ಮಾಡಿ. 50 ಎಂಎಂ ಧಾರಾಳ ಸಾಕು. ಲೆನ್ಸ್‌ನ ಕಿಂಡಿ (ಅಪರ್ಚರ್) ಎಫ್ 1.8ರಲ್ಲಿದ್ದರೆ ಕಣ್ಣು ಸ್ಪಷ್ಟ, ಸೀರೆಯ ಅಂಚು ಮಸುಕು, ಎಫ್ 5.6ಕ್ಕೆ ಬನ್ನಿ.

ಪ್ರಶ್ನೆ: ಕೋಲದಲ್ಲಿ (ದೈವಾರಾಧನೆಯಲ್ಲಿ) ಅಣಿ, ಅಂದರೆ ಬೆನ್ನ ಹಿಂದಿನ ದೊಡ್ಡ ಅಲಂಕಾರ, ಕಟ್ಟಿದವರ ಪೋರ್ಟ್ರೇಟ್ ತೆಗೆಯಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮನೆಯವರು ಅಥವಾ ಆಡಳಿತದವರು, ಜೊತೆಗೆ ದೈವ ನರ್ತಕರು, ಇಬ್ಬರೂ ಒಪ್ಪಿದರೆ ಮಾತ್ರ. ಬೇಡ ಅಂದರೆ ಕ್ಯಾಮೆರಾ ಬ್ಯಾಗಿಗೆ ಹಾಕಿ. ಎದುರು ನಿಂತು ‘ಇತ್ತ ನೋಡಿ’ ಅನ್ನುವ ಜಾಗ ಅದಲ್ಲ. ನಿಮಗೆ ವೇಷವೇ ಮುಖ್ಯವಾದರೆ ಯಕ್ಷಗಾನದ ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಹೋಗಿ, ಅಲ್ಲಿ ಬಣ್ಣ ಹಚ್ಚುವುದನ್ನು ಹತ್ತಿರದಿಂದ ತೆಗೆಯಬಹುದು. ಒಂದೇ ಮಾತು: ರಾಕ್ಷಸ ವೇಷದವರು ಮುಖಕ್ಕೆ ಚಿಟ್ಟಿ (ಅಕ್ಕಿ ಹಿಟ್ಟಿನ ಉಬ್ಬು ಚುಕ್ಕಿ) ಇಡುವಾಗ ಮಾತಾಡಿಸಬೇಡಿ. ಕೆನ್ನೆ ಅಲುಗಿದರೆ ಸಾಲು ಕೆಡುತ್ತದೆ, ಬೈಗುಳ ನಿಮಗೇ.